ಒಂದೇ ಕೈಬರಹದ ಹನ್ನೊಂದು ಅರ್ಜಿಗಳು

ನಮ್ಮ ಬೀದಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ನಮ್ಮ ಮನೆಯ ಜಗುಲಿಗೇ ಬರುತ್ತಾರೆ. ವಿಧವಾ ವೇತನ, ರೇಷನ್ ಕಾರ್ಡು, ನಲ್ಲಿಯಲ್ಲಿ ನೀರು ಬಾರದ್ದು, ಎಲ್ಲಕ್ಕೂ ನಾನೇ. ನಾನು ಪುರಸಭೆಯಲ್ಲಿ ಗುಮಾಸ್ತೆ ಎನ್ನುವುದು ಒಂದು ಕಾರಣ. ನನ್ನ ಕೈಗುಣ ಒಳ್ಳೆಯದೆಂದು ನಮ್ಮತ್ತೆ ಬೀದಿಗೆಲ್ಲ ಸಾರಿರುವುದು ಇನ್ನೊಂದು. ಭಾನುವಾರ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತ ಕೂತರೂ ಬಿಡುವುದಿಲ್ಲ. ಬರೆದುಕೊಡದಿದ್ದರೆ ನನಗೆ ಜಂಬ; ಬರೆದುಕೊಟ್ಟರೆ ಹೆಸರು ಅತ್ತೆಗೆ.

ಊರಿನ ಹೆಸರು ಬೇಡ. ಚಾಮರಾಜನಗರದ ಬಸ್ಸೂ ಗುಂಡ್ಲುಪೇಟೆಯ ಬಸ್ಸೂ ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತವೆ, ಅಷ್ಟು ಸಾಕು. ಪಟ್ಟಣವೆಂದು ಬೋರ್ಡು ಬಿದ್ದಿದ್ದರೂ ಹಿತ್ತಿಲುಗಳಲ್ಲಿ ಇನ್ನೂ ದನ ಕಟ್ಟುತ್ತಿದ್ದರು. ಅತ್ತೆಯವು ಎರಡು ಹಸು. ಅಕ್ಕಪಕ್ಕದವರು ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲವನ್ನೂ ನಮ್ಮ ಕಲಗಚ್ಚಿನ ಬಾನಿಗೆ ತಂದು ಸುರಿಯುವರು. ಹಸು ಕರು ಹಾಕಿದಾಗ ಆ ಮನೆಗಳಿಗೆಲ್ಲ ಗಿಣ್ಣು ಹೋಗಲೇಬೇಕು; ಒಂದು ಮನೆ ತಪ್ಪಿದರೂ ಮಾತು ಬಿಡುತ್ತಾರೆ. ಮಾವ ತೀರಿಕೊಂಡ ಮೇಲೆ ಅತ್ತೆ ಹೊಸ್ತಿಲು ದಾಟುತ್ತಿದ್ದದ್ದು ತಿಂಗಳ ಲೆಕ್ಕಕ್ಕೆ ಹಾಲು ಕೊಳ್ಳುವ ವರ್ತನೆ ಮನೆಗಳಿಗೆ ಹಾಲು ಕೊಡಲಿಕ್ಕೆ ಮಾತ್ರ. ಬೆಳಿಗ್ಗೆ ಸಂಜೆ ಆ ಹತ್ತು ಮನೆ ಮಾತಾಡಿಸಿಕೊಂಡು ಬರದಿದ್ದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಬಂತು ಪುರಸಭೆಯ ಹೊಸ ಉಪವಿಧಿ. ವಾಸದ ಮನೆಗೆ ಅಂಟಿಕೊಂಡ ಹಿತ್ತಿಲಲ್ಲಿ ದನ ಕಟ್ಟುವಂತಿಲ್ಲ, ಬೇರೆ ಜಾಗದಲ್ಲಿ ಕೊಟ್ಟಿಗೆ ಇದ್ದವರಿಗಷ್ಟೇ ಪರವಾನಗಿ. ನಮ್ಮ ಬೀದಿಯಲ್ಲಿ ಅಂಥ ಜಾಗ ಯಾರಿಗಿದೆ? ಕರಡು ಟೈಪು ಮಾಡಿದವಳು ನಾನು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ಕೊಡಬಹುದೆಂಬ ನೋಟಿಸನ್ನು ಬೋರ್ಡಿಗೆ ಅಂಟಿಸಿದವಳೂ ನಾನೇ. ಉಪವಿಧಿ ತಪ್ಪೆಂದೂ ಹೇಳಲಾರೆ. ಸಗಣಿ ಹೋಗಿ ಚರಂಡಿ ಕಟ್ಟಿಕೊಂಡಾಗ ಮೂಗು ಮುಚ್ಚಿಕೊಂಡು ಬೈಯುತ್ತಿದ್ದವರಲ್ಲಿ ನಾನೇ ಮೊದಲಿಗಳು. ಆದರೂ ಮನೆಯಲ್ಲಿ ಬಾಯಿ ಬಿಡಲು ಧೈರ್ಯವಾಗದೆ ಮೂರು ವಾರ ಸುಮ್ಮನಿದ್ದೆ.

ಅತ್ತೆಗೆ ಗೊತ್ತಾದದ್ದು ಹಾಲು ಕೊಡಲು ಹೋದ ಮನೆಯಲ್ಲಿ.

"ಅದ್ನ ಟೈಪ್ ಮಾಡ್ದೋಳು ನೀನೇಯಂತಲ್ಲಮ್ಮಿ?" ಎಂದರು.

"ಹೂಂ ಅತ್ತೆ."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಮಾಡ್ಸೋರು ಮಾಡ್ಸುದ್ರು, ನೀ ಏನ್ ಮಾಡಿಯೆ? ಈಗ ಬ್ಯಾಡ ಅಂತ್ಲೂ ನೀನೇ ಬರಿ. ನಿನ್ ಕೈಗುಣ ಇಲ್ವಾ, ಆದದು ಬುಡು."

ಆ ಭಾನುವಾರ ಜಗುಲಿ ಮೇಲೆ ಅತ್ತೆಯೂ ಸೇರಿ ಹನ್ನೊಂದು ಮನೆಯವರು. ಪುರಸಭೆಯ ಸಂಬಳ ತಿನ್ನುವವಳು ಪುರಸಭೆಗೆ ವಿರುದ್ಧವಾಗಿ ಬರೆಯಬಾರದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ತಾಲ್ಲೂಕು ಆಫೀಸಿನ ಮುಂದೆ ಅರ್ಜಿ ಬರೆಯುವವರು ಕೂತಿರುತ್ತಾರೆ, ಅಲ್ಲಿಗೆ ಹೋಗಿ ಎನ್ನಬಹುದಿತ್ತು. ಅತ್ತೆಯ ಮುಖ ನೋಡಿ ಪೆನ್ನು ಹಿಡಿದೆ. ಎಲ್ಲವೂ ಒಂದೇ ಥರ ಕಾಣಬಾರದೆಂದು ಜಾಣತನವನ್ನೂ ಮಾಡಿದೆ: ಒಬ್ಬರದರಲ್ಲಿ ಮೊಮ್ಮಗುವಿನ ಹಾಲು, ಇನ್ನೊಬ್ಬರದರಲ್ಲಿ ತವರಿಂದ ಬಂದ ಹಸು, ಹೀಗೆ ಒಂದೊಂದಕ್ಕೂ ಬೇರೆ ಕಾರಣ. ಅಕ್ಷರ ಬದಲಾಗಬೇಕೆಂಬುದು ಮಾತ್ರ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದ ಮೇಲೆ, "ಅಷ್ಟ್ ಜನ ಯಾಕ್ ಅಲಿಯದು, ನೀನೆಂಗೂ ಓಯ್ತಿಯಲ್ಲ" ಎಂದು ಅತ್ತೆ ಹನ್ನೊಂದನ್ನೂ ನನ್ನ ಕೈಗೇ ಕೊಟ್ಟರು.

ಮರುದಿನವೇ ಕೊನೆಯ ದಿನ. ಮುಖ್ಯಾಧಿಕಾರಿಗಳು ಅರ್ಜಿಗಳನ್ನು ಒಂದೊಂದಾಗಿ ತಿರುವಿ, ನಾನು ಬರೆದ ಕಡತವೊಂದನ್ನು ಪಕ್ಕಕ್ಕಿಟ್ಟುಕೊಂಡರು.

"ಇದು ಯಾರ ಅಕ್ಷರ ಅಮ್ಮ?"

ನಾನು ಮೇಜಿನ ಮೇಲಿನ ಅರ್ಜಿಗಳನ್ನು ಜೋಡಿಸತೊಡಗಿದೆ.

"ಹೀಗೇ ಸಭೆಗಿಟ್ಟರೆ ನಿಮಗೇ ತೊಂದರೆ. ಅವರ ಕೈಯಲ್ಲೋ ಬೇರೆಯವರ ಕೈಯಲ್ಲೋ ಬರೆಸಿ ತರೋಕೆ ಹೇಳಿ. ಐದೂವರೆವರೆಗೆ ಸಮಯ ಇದೆ, ನಾನು ತಗೋತೀನಿ."

ಅವರು ಕೂಗಾಡಿದ್ದರೆ ತಪ್ಪನ್ನು ಅವರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಿದ್ದೆ. ಒಳ್ಳೆಯವರಾಗಿ ನನ್ನನ್ನು ಕಟ್ಟಿಹಾಕಿದರು. ಆಗ ಗಂಟೆ ಹನ್ನೆರಡು. ನಮ್ಮ ಬೀದಿಗೆ ಹತ್ತು ನಿಮಿಷದ ನಡಿಗೆ. ಗೇಟಿನವರೆಗೆ ಹೋದೆ. ಹತ್ತು ಬಾಗಿಲು ತಟ್ಟಿ, ನನ್ನ ಅಕ್ಷರ ನಡೆಯುವುದಿಲ್ಲವಂತೆ, ಬೇರೆಯವರ ಕೈಲಿ ಬರೆಸಿ ಎನ್ನಬೇಕು. ಅದನ್ನು ಅತ್ತೆ ಕೇಳಿಸಿಕೊಳ್ಳಬೇಕು. ನಾಚಿಕೆಯಾಯಿತು. ನಿಜ ಹೇಳುತ್ತೇನೆ, ಕೆಲಸದ ಭಯಕ್ಕಿಂತ ನಾಚಿಕೆಯೇ ಹೆಚ್ಚು. ವಾಪಸ್ಸು ಬಂದು ಕುರ್ಚಿಯಲ್ಲಿ ಕೂತೆ. ಐದೂವರೆಯಾಯಿತು. ಅರ್ಜಿಗಳನ್ನು ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡು ಹೊರಟೆ.

ಮುಂದಿನ ವಾರ ಸಭೆ. ನಡಾವಳಿ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಆಕ್ಷೇಪಣೆ ಏನಾದರೂ ಬಂದಿದೆಯೇ ಎಂದು ಅಧ್ಯಕ್ಷರು ಕೇಳಿದರು. ಮುಖ್ಯಾಧಿಕಾರಿಗಳು ನನ್ನ ಕಡೆ ನೋಡಿದರು. ಎದ್ದು ನಿಂತು "ಬಂದಿಲ್ಲ ಸರ್" ಎಂದೆ.

ನಮ್ಮ ವಾರ್ಡಿನ ಸದಸ್ಯರು ತಲೆ ಎತ್ತಿದರು. "ನಮ್ ಬೀದಿಯೋರು ಏನೋ ಕೊಟ್ಟೀವಿ ಅಂತಿದ್ರಲ್ಲ?"

"ಕೊಟ್ಟಿದ್ರ ಈಯಮ್ಮನ ಕೈಗೇ ಬರ್ಬೇಕಲ್ಲ. ಇವ್ರತ್ತೇವೇ ಎಲ್ಡು ಹಸ ಅವ. ಬಂದಿದ್ರ ಮುಚ್ಚಿಟ್ಟಾರ?" ಎಂದರು ಇನ್ನೊಬ್ಬರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕ್ಷೇಪಣೆಗಳು ಬಾರದ ಕಾರಣ ಸರ್ವಾನುಮತದಿಂದ ಅಂಗೀಕರಿಸಲಾಯಿತು ಎಂದು ಅದೇ ಅಕ್ಷರದಲ್ಲಿ ಬರೆದೆ.

ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಓದುದ್ರಾ?"

"ಓದುದ್ರು ಅತ್ತೆ."

"ಎಲ್ಲಾನೂವಾ?"

"ಎಲ್ಲಾನೂ. ಆದ್ರೂ ಪಾಸ್ ಮಾಡ್ಬುಟ್ರು."

ತಿಂಗಳು ತುಂಬುವಷ್ಟರಲ್ಲಿ ಎರಡು ಹಸುವೂ ಟೆಂಪೋ ಏರಿ ಉಮ್ಮತ್ತೂರಿನ ನನ್ನ ತವರಿಗೆ ಹೋದವು. ಬೀದಿಯ ಉಳಿದ ದನಗಳೂ ಒಂದೊಂದಾಗಿ ಖಾಲಿಯಾದವು. ಅತ್ತೆ ಈಗ ಬಾಗಿಲು ದಾಟುವುದಿಲ್ಲ. ಬರಿಗೈಲಿ ಇನ್ನೊಬ್ಬರ ಮನೆಗೆ ಎಂಗೆ ಓಗದು ಎನ್ನುತ್ತಾರೆ. ನಾನು ಆಫೀಸಿನಿಂದ ಬಂದ ಕೂಡಲೇ ಸಭೆಯ ಮಾತು ತೆಗೆಯುತ್ತಾರೆ. ಯಾರು ಓದಿದರು, ಅಧ್ಯಕ್ಷರು ಏನಂದರು, ಎಲ್ಲ ಮತ್ತೆ ಹೇಳಬೇಕು. ನಿನ್ನೆ ಹೇಳಿದ್ದನ್ನು ಇವತ್ತು ತಪ್ಪದೆ ನೆನಪಿಟ್ಟುಕೊಂಡು ಹೇಳುತ್ತೇನೆ.

ಮೊನ್ನೆ ಕೇಳಿದರು: "ನನ್ನರ್ಜಿ ಓದ್ವಾಗ ನೀನೂ ಅಲ್ಲೇ ಇದ್ದೇನಮ್ಮಿ?"

"ಇದ್ದೆ ಅತ್ತೆ."

"ನಮ್ಮೋಳು ಒಬ್ಳಾರ ಇದ್ಯಲ್ಲ, ಅಷ್ಟ್ ಸಾಕು ಬುಡು" ಎಂದು ನನ್ನ ತಲೆ ಸವರಿದರು.