ಉದ್ದ ಸಾಲು ಬಿಡಿಸುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ, ಇಲ್ಲಿನ ಸಾಫ್ಟ್‌ವೇರ್ ನೋಡಿಕೊಳ್ಳುವ ಇವರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ, ಪಕ್ಕದಲ್ಲಿ ನಾನು. ಪರದೆಯ ಮೇಲಿನ ಕೋಡ್ ಒಂದೇ ಸಾಲು, ಆದರೆ ಹನುಮಂತನ ಬಾಲ. ಎಷ್ಟು ಸರಿಸಿದರೂ ಮುಗಿಯುವುದಿಲ್ಲ. ಎಳೆಗೂಸುಗಳಿಗೆ ಗಂಟೆಗೆ ಎಷ್ಟು ಡ್ರಿಪ್ ಹೋಗಬೇಕೆಂದು ಲೆಕ್ಕ ಹಾಕುವುದು ಈ ಸಾಲೇ. ನಿನ್ನೆ ಹುಟ್ಟಿದ ಪುಟ್ಟ ಕೂಸೊಂದಕ್ಕೆ ಅದು ಕೊಟ್ಟ ಉತ್ತರ ಜಾಸ್ತಿಯಾಯಿತೆನಿಸಿ, ಮೇಲಿನ ವಾರ್ಡಿನ ನರ್ಸ್ ಕೈಲೆಕ್ಕ ಮಾಡಿ ಡ್ರಿಪ್ ಹಾಕಿದ್ದಾರೆ. ಆ ನರ್ಸ್ ಇವರ ಅತ್ತಿಗೆ. ಉಳಿದ ಕೂಸುಗಳ ಗತಿಯೇನು ಎಂದು ಫೋನ್ ಮಾಡಿದವರೂ ಅವರೇ.

ಇವರು ಹೊಸದೇನನ್ನೂ ಕಟ್ಟುವುದಿಲ್ಲ. ಬೇರೆಯವರು ಒಂದೇ ಉಸಿರಿನಲ್ಲಿ ಬರೆದದ್ದನ್ನು ಬಿಡಿಸಿ, ಒಂದೊಂದು ಹಂತಕ್ಕೂ ಹೆಸರಿಡುತ್ತಾರೆ. ಮೊದಲು ಬರುತ್ತಿದ್ದ ಉತ್ತರವೇ ಆಮೇಲೂ ಬರಬೇಕು. ಹಾಗಾಗಿ ಕೆಲಸ ಚೆನ್ನಾಗಿ ಆದರೆ, ಆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಈ ವರ್ಷ ಏನು ಮಾಡಿದಿರಿ ಎಂದು ಮೇಲಧಿಕಾರಿ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಮಾಡಿದ್ದನ್ನೇ ಮಾಡಲಿಕ್ಕೂ ಸಂಬಳ ಕೊಡುತ್ತಾರಾ ಎಂದು ಮನೆಯಲ್ಲಿ ಗಂಡನ ತಮಾಷೆ ಬೇರೆ.

"ಹೀಗೆ ಬರೆದೋರು ದಡ್ಡರಲ್ಲ, ತುಂಬಾ ಜಾಣರು. ಬರೆಯೋ ದಿನ ಎಲ್ಲಾ ತಲೇಲಿರುತ್ತೆ. ಓದೋ ದಿನ ಇರಲ್ಲ, ಅಷ್ಟೇ," ಎನ್ನುತ್ತಾ ಎಂಟರ್ ಒತ್ತುತ್ತಾರೆ.

ಸಾಲು ಐದಾಗುತ್ತದೆ: ತೂಕ, ದಿನಕ್ಕೆ ಬೇಕಾದ ನೀರು, ಹಾಲಿನಲ್ಲಿ ಹೋದದ್ದು, ಡ್ರಿಪ್ಪಿಗೆ ಉಳಿದದ್ದು, ಗಂಟೆಗೆ ಎಷ್ಟು. ನಿನ್ನೆಯ ಕೂಸಿನ ತೂಕ ಕೊಟ್ಟು ಒಂದೊಂದನ್ನೇ ನೋಡುತ್ತಾರೆ. ಮೊದಲನೆಯದರಲ್ಲೇ ಕೈ ನಿಲ್ಲುತ್ತದೆ. ಒಂದೂವರೆ ಕಿಲೋ ದಾಟಿದ ಕೂಸು ಅಲ್ಲಿ ಎರಡು ಕಿಲೋ ಆಗಿದೆ. ಹತ್ತಿರದ ಪೂರ್ಣಾಂಕಕ್ಕೆ ತರುವುದನ್ನು ಕೊನೆಯ ಉತ್ತರಕ್ಕೆ ಮಾಡಬೇಕಿತ್ತು. ಬರೆದವರು ಮೊದಲೇ ತೂಕಕ್ಕೆ ಮಾಡಿಬಿಟ್ಟಿದ್ದಾರೆ. ದೊಡ್ಡ ಮಕ್ಕಳಲ್ಲಿ ಎದ್ದು ಕಾಣದ ತಪ್ಪು, ಅಂಗೈಯಗಲದ ಜೀವಕ್ಕೆ ಪ್ರಾಣಸಂಕಟ. ಪಕ್ಕದಲ್ಲಿ ಕೂತ ನನಗೆ ಭಯವಾಗುತ್ತದೆ. ಇವರು ಆಗಲೇ ಅತ್ತಿಗೆಗೆ ಫೋನ್ ಮಾಡಿ, ಎಲ್ಲ ಕೂಸುಗಳ ಡ್ರಿಪ್ಪನ್ನೂ ತಾಳೆ ನೋಡಲು ಹೇಳುತ್ತಿದ್ದಾರೆ.

ಆಮೇಲೆ ಪೂರ್ಣಾಂಕ ಮಾಡುವುದನ್ನು ಕೊನೆಯ ಹಂತಕ್ಕೆ ಸರಿಸುತ್ತಾರೆ. ಬಿಸಿಲು ಮೆಟ್ಟಿಲಿಗೆ ಬರುವಷ್ಟರಲ್ಲಿ ಅತ್ತಿಗೆಯ ಕೈಲೆಕ್ಕಕ್ಕೂ ಕಂಪ್ಯೂಟರಿನ ಲೆಕ್ಕಕ್ಕೂ ಹೊಂದಿಕೆಯಾಗಿದೆ. ಬೇರೆ ಕೂಸುಗಳ ತೂಕ ಪೂರ್ಣಾಂಕಕ್ಕೆ ಹತ್ತಿರವೇ ಇದ್ದದ್ದರಿಂದ ಅವುಗಳಿಗೆ ತೊಂದರೆಯಾಗಿಲ್ಲ. ಇನ್ನು ಆ ಐದೂ ಹಂತಗಳು ವಾರ್ಡಿನ ಪರದೆಯ ಮೇಲೇ ಕಾಣಿಸುತ್ತವೆ. ಅಲ್ಲಿ ಇವರ ಹೆಸರೂ ಬರಬೇಕಿತ್ತಲ್ಲವೇ ಎಂದು ಕೇಳುತ್ತೇನೆ.

"ತೂಕದ ಹೆಸರಿದೆಯಲ್ಲ, ಸಾಕು," ಎನ್ನುತ್ತಾರೆ. "ಮುಂದಿನ ಸಲ ತಪ್ಪಾದ್ರೆ ಅತ್ತಿಗೆಗೇ ಕಾಣಬೇಕು. ನನಗೆ ಫೋನೇ ಬರಬಾರದು."