ಸೌಟಿನ ಎರಡು ಸದ್ದು

ಬೆಟ್ಟದ ಮೇಲಿನ ಆ ಊರಿಗೆ ಬೇಸಿಗೆ ಕಳೆಯಲು ಬರುವವರಿಗೆ ಗಡಿಯಾರದ ಹಂಗಿಲ್ಲ. ಹೋಟೆಲಿನ ಹಿಂದಿನ ಜಗಲಿಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತರೆ ಬಿಸಿಲು ಇಳಿದರೂ ಏಳುವುದಿಲ್ಲ. ಮೀನು ಮುಗಿಸಿ ಹಣ್ಣು, ಹಣ್ಣು ಮುಗಿಸಿ ಕಾಫಿ, ಕಾಫಿ ಮುಗಿಸಿ ಆಕಳಿಕೆ. ಅವರಿಗೆ ಬಡಿಸುವ ಗಂಟಲಣ್ಣನಿಗೂ ಒಂದು ಹೊಟ್ಟೆಯಿದೆ ಎಂಬುದು ಯಾರಿಗೆ ನೆನಪಿರುತ್ತದೆ?

ಹೆಂಡತಿಗೆ ನೆನಪಿರುತ್ತಿತ್ತು. ಅಲ್ಲಿನ ಅಡುಗೆ ಅವಳದೇ. ಇವನು ಗೋಡೆಯ ಕಿಂಡಿಗೆ ಮುಖವಿಟ್ಟು ಆರ್ಡರ್ ಕೂಗುತ್ತಿದ್ದ. ಆ ಕೂಗಿಗೇ ಊರವರು ಗಂಟಲಣ್ಣ ಎಂದು ಹೆಸರಿಟ್ಟಿದ್ದು. ಅವಳು ಮಾತಿನ ಗೋಜಿಗೇ ಹೋಗುತ್ತಿರಲಿಲ್ಲ. ಪಾತ್ರೆಯ ಅಂಚಿಗೆ ಸೌಟಿನಿಂದ ಒಮ್ಮೆ ಬಡಿದರೆ ‘ಕೇಳಿಸಿತು’. ಎರಡು ಸಲ ಬಡಿದರೆ ‘ನೀನು ಬಂದು ಉಣ್ಣು’. ಎಂಥ ದೊಡ್ಡ ಮನುಷ್ಯರು ಕೂತಿದ್ದರೂ ಅವನು ಒಳಗೆ ಓಡಬೇಕು. ತಡಮಾಡಿದರೆ ಮೂತಿ ಊದಿಸಿಕೊಳ್ಳುತ್ತಿದ್ದಳು.

ಚಳಿಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು. ಬೇಸಿಗೆಗೆ ಅವಳ ತಂಗಿ ಒಲೆಯ ಮುಂದೆ ಬಂದು ನಿಂತಳು. ಮೊದಲ ದಿನವೇ, ಜಗಲಿಯಲ್ಲಿ ಜನ ತೂಕಡಿಸುವ ಹೊತ್ತಿಗೆ, ಟಣ್, ಟಣ್. ಗಂಟಲಣ್ಣ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟ. ನಾದಿನಿಗೆ ಅಕ್ಕನ ಅಭ್ಯಾಸ ಬಂದಿರಬೇಕು ಎಂದುಕೊಂಡ. ಆದರೂ ಒಳಗೆ ಹೋಗಲು ಕಾಲು ಬರಲಿಲ್ಲ. ದಿನಾ ಅದೇ ಸದ್ದು, ದಿನಾ ಇವನು ಉಪವಾಸ. ಅಂಗಿ ಮೈಮೇಲೆ ಜೋತುಬಿತ್ತು.

ಕೊನೆಗೆ ನಾದಿನಿಯೇ ಜಗಲಿಗೆ ಬಂದಳು.

“ಭಾವ, ಹೀಗೆ ಹೊಟ್ಟೆಗಿಲ್ದೆ ಎಷ್ಟು ದಿನ ಇರ್ತೀರಿ?”

“ನೀನು ಹಾಗೆ ಸೌಟು ಬಡೀಬೇಡಮ್ಮ. ನನ್ನ ಕೈಲಿ ತಡೆಯೋಕಾಗಲ್ಲ.”

“ನಾನೆಲ್ಲಿ ಬಡೀತೀನಿ? ಅಕ್ಕನ ಸೌಟು ಮುಟ್ಟೋಕೇ ನಂಗೆ ಧೈರ್ಯ ಇಲ್ಲ.”

ಇಬ್ಬರೂ ಹೊರಗಿದ್ದರು. ಒಳಗೆ ಯಾರೂ ಇರಲಿಲ್ಲ. ಟಣ್, ಟಣ್. ನಾದಿನಿ ಕತ್ತು ಹೊರಳಿಸಲಿಲ್ಲ, ಅವಳಿಗೆ ಕೇಳಿಸಿರಲಿಲ್ಲ.

ಅವನ ಬೆನ್ನಲ್ಲಿ ಚಳಿ ಹುಟ್ಟಿತು, ಅದರ ಹಿಂದೆಯೇ ಅಳು ಬಂತು. ಸತ್ತ ಮೇಲೂ ನನ್ನ ಹೊಟ್ಟೆಯ ಚಿಂತೆ ಬಿಟ್ಟಿಲ್ಲವಲ್ಲ ಈ ಹಟಮಾರಿ! ಸೀದಾ ಒಳಗೆ ಹೋಗಿ, ಒಲೆಯ ಪಕ್ಕ ಕೂತು ಹೊಟ್ಟೆ ಬಿರಿಯುವಷ್ಟು ಉಂಡ. “ಉಂಡೆ ಕಣೇ, ಸಮಾಧಾನ ಆಯ್ತಾ?” ಎಂದ.

ಮರುದಿನ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ತಾನು ಉಂಡು ಎಂಥ ತಪ್ಪು ಮಾಡಿದೆ ಎಂದು ಅವನಿಗೆ ಆಗ ಹೊಳೆಯಿತು.

ಜಗಲಿಯಲ್ಲಿ ಕಾಫಿ ಲೋಟಗಳು ಖಾಲಿಯಾದವು. ನಾದಿನಿ ಬಾಗಿಲಿಗೆ ಬಂದು ಕರೆದಳು. “ಭಾವ, ಊಟ ತಣ್ಣಗಾಗ್ತಿದೆ, ಬನ್ನಿ.”

ಗಂಟಲಣ್ಣ ಕಿಂಡಿಗೆ ಕಿವಿಯಿಟ್ಟು ನಿಂತಿದ್ದ.

“ತಡಿಯಮ್ಮ,” ಎಂದ ಪಿಸುದನಿಯಲ್ಲಿ. “ಅವಳು ಕರೀಲಿ.”