ಟೋಪಿಗೂ ಗಿಳಿಗೂ ನಡುವೆ ಕ್ಲಾರಿ

ಕ್ಲಾರಿ ಪೋಕಾಕ್‌ನ ಗಂಟಲು ವಿಲ್ಗಾರಿ ಊರಿಗೆಲ್ಲ ಗೊತ್ತು. ಕುರಿ ಸಂತೆಯಲ್ಲಿ ಹರಾಜು ಕೂಗಿ ಕೂಗಿ ಇಡೀ ಸೀಮೆಯ ರೈತರ ಕಿವಿ ತೂತು ಮಾಡಿದವನು. "ಒಂದನೇ ಸಲ, ಎರಡನೇ ಸಲ" ಎಂದು ಅವನು ದನಿ ಏರಿಸಿದರೆ ಆಚೆ ಬೀದಿಯ ಪಬ್ಬಿನಲ್ಲಿದ್ದವರೂ ಗ್ಲಾಸು ಕೆಳಗಿಟ್ಟು ಮೂರನೆಯದಕ್ಕೆ ಕಾಯುತ್ತಿದ್ದರು. ಗಂಟಲಿನಷ್ಟೇ ಹೆಸರಾದದ್ದು ಅವನ ಟೋಪಿ. ಅಗಲ ಅಂಚಿನದು, ಬೆವರು ಕುಡಿದು ಕುಡಿದು ಕಪ್ಪಗಾದದ್ದು. ಊಟಕ್ಕೆ ಕೂತಾಗಲೂ ತಲೆಯಿಂದ ಇಳಿಯುತ್ತಿರಲಿಲ್ಲ. ಹುಟ್ಟುವಾಗಲೇ ಹಾಕಿಕೊಂಡು ಬಂದನೆಂದು ಹೆಂಡತಿ ಡೋರೀನ್ ಬಂದವರಿಗೆಲ್ಲ ಹೇಳುತ್ತಾಳೆ.

ಅಂಥವನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ಕಾಕಟೀಲ್ ಗಿಳಿ ತಂದ. ಬೂದು ಮೈ, ಹಳದಿ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು, ಹೆಸರು ಪಿಪ್. ಅದು ಡೋರೀನ್ ಕೈಯಿಂದ ಆರಾಮಾಗಿ ಕಾಳು ತಿನ್ನುತ್ತಿತ್ತು. ಕ್ಲಾರಿ ಹತ್ತಿರ ಬಂದನೋ, ಜುಟ್ಟು ನೆಟ್ಟಗಾಗಿ, ಬುಸ್ಸೆಂದು, ಪಂಜರದ ಮೂಲೆ ಸೇರುತ್ತಿತ್ತು.

"ನಿನ್ನ ಗಂಟಲಿಗೆ ಕುರಿಗಳೇ ಹೆದರ್ತಿದ್ವು. ಇದ್ಯಾವ ಲೆಕ್ಕ?" ಎಂದಳು ಡೋರೀನ್.

ಅಂದಿನಿಂದ ಆ ಗಂಟಲು ಪಿಸುಗುಟ್ಟಲು ಕಲಿಯಿತು. ಕೂಗುವುದಿರಲಿ, ಕೆಮ್ಮು ಬಂದರೆ ಹಿತ್ತಲಿಗೆ ಓಡುತ್ತಿದ್ದ. ಪಂಜರದ ಬಾಗಿಲು ತೆರೆದಿಟ್ಟು, ನವಣೆ ತೆನೆ ಹಿಡಿದು, ತೋಳು ಮರಗಟ್ಟುವ ತನಕ ಕೂರುತ್ತಿದ್ದ. ಪಿಪ್ ಮಾತ್ರ ಬುಸ್ಸೆನ್ನುವುದು ಬಿಡಲಿಲ್ಲ.

ಕೊನೆಗೆ ಡೋರೀನಳೇ ಮಾತೆತ್ತಿದಳು. "ದಿನಾ ಹೆದರ್ಕೊಂಡು ಬದುಕೋದು ಪಾಪ ಅಲ್ವೇನೋ? ಗುರುವಾರ ಮರ್ಲ್ ಬರ್ತಾಳೆ. ಅವಳ ಹಿತ್ತಲಲ್ಲಿ ಅಷ್ಟು ದೊಡ್ಡ ಗೂಡಿದೆ, ಇದರ ಜಾತಿಯವೇ ಬೇಕಾದಷ್ಟಿವೆ. ಅಷ್ಟರೊಳಗೆ ನಿನ್ನ ಹತ್ರ ಬಂದ್ರೆ ಇರ್ಲಿ. ಇಲ್ದಿದ್ರೆ ಕಳಿಸಿಬಿಡೋಣ."

ಮರ್ಲ್ ಡೋರೀನಳ ಅಕ್ಕ. ಮಾತು ನ್ಯಾಯವಾದದ್ದೇ, ಕ್ಲಾರಿ ಹೂಂ ಎಂದ. ಆದರೆ ಬದುಕಿಡೀ ಅವನ ಮುಂದೆ ಬಂದ ಕುರಿಗಳನ್ನೆಲ್ಲ ನಾಯಿಗಳು ಅಟ್ಟಿಕೊಂಡು ಬಂದಿದ್ದವು. ತಾನಾಗಿ ಬಂದದ್ದು ಒಂದೂ ಇಲ್ಲ. ಈ ಅಂಗೈಯಗಲದ ಜೀವವಾದರೂ ತನ್ನ ಮನಸ್ಸಿನಿಂದ ಬರಲಿ ಎಂದು ಅವನಿಗೆ ವಿಪರೀತ ಆಸೆಯಿತ್ತು.

ಗುರುವಾರ ಮಧ್ಯಾಹ್ನ. ಜಾಲರಿ ಹೊಡೆದ ವರಾಂಡದಲ್ಲಿ, ತೆರೆದ ಪಂಜರದೆದುರು ಕ್ಲಾರಿ ತೆನೆ ಹಿಡಿದು ಕೂತಿದ್ದಾನೆ. ಬೀದಿಯ ತುದಿಯಲ್ಲಿ ಶವ ಹೊತ್ತ ಕಪ್ಪು ಕಾರು ಕಾಣಿಸಿತು, ಹಿಂದೆ ಕಾರುಗಳ ಸಾಲು. ಸಾಲಿನ ಕೊನೆಯಲ್ಲಿ ಮರ್ಲ್‌ಳ ಹಳದಿ ಕಾರು! ಶವಯಾತ್ರೆಯನ್ನು ದಾಟಿ ಮುಂದೆ ಹೋಗುವಂತಿಲ್ಲವಲ್ಲ, ಪಾಪ, ಅವಳೂ ತೆವಳಿಕೊಂಡೇ ಬರುತ್ತಿದ್ದಾಳೆ.

ಸತ್ತವರು ಯಾರೋ ಅವನಿಗೆ ಗೊತ್ತಿಲ್ಲ. ಗೊತ್ತಿರಬೇಕೆಂದೂ ಇಲ್ಲ. ಶವ ಮನೆ ಮುಂದೆ ಹಾದರೆ ಗಂಡಸಾದವನು ಎದ್ದು, ಟೋಪಿ ತೆಗೆದು, ಕೊನೆಯ ಕಾರು ದಾಟುವ ತನಕ ಅಲುಗದೆ ನಿಲ್ಲಬೇಕು. ಅಪ್ಪ ಕಲಿಸಿದ್ದು. ಕ್ಲಾರಿ ಎದ್ದ, ಟೋಪಿ ತೆಗೆದು ಎದೆಗೆ ಹಿಡಿದ, ತಲೆ ಬಾಗಿಸಿದ.

ಪಟಪಟ ಸದ್ದಾಯಿತು. ಬೋಳು ತಲೆಯ ಮೇಲೆ ಎರಡು ಪುಟ್ಟ ಪಾದಗಳು ಬಂದು ಕೂತವು!

 ಕುಣಿಯಬೇಕು, ಊರು ಹಾರಿಹೋಗುವ ಹಾಗೆ ಕೂಗಬೇಕು. ಕೂಗುವುದೆಲ್ಲಿ? ಶವ ಹಾದುಹೋಗುತ್ತಿದೆ! ಪಿಪ್ ತಲೆಯ ಮೇಲೆ ನಡೆದಾಡಿತು, ಕಿವಿ ಕಚ್ಚಿ ನೋಡಿತು, ಹಣೆಯಂಚಿಗೆ ಬಂದು ಬಗ್ಗಿ ಅವನ ಕಣ್ಣಲ್ಲಿ ಕಣ್ಣಿಟ್ಟಿತು. ಕ್ಲಾರಿ ಹಲ್ಲು ಕಚ್ಚಿ ನಿಂತ, ಕಣ್ಣಲ್ಲಿ ನೀರು ಧಾರಾಕಾರ. ಎರಡನೇ ಕಾರಿನಲ್ಲಿ ಕರವಸ್ತ್ರ ಹಿಡಿದು ಅಳುತ್ತಿದ್ದ ಮುದುಕಿ ಅವನನ್ನು ನೋಡಿದಳು, ತಲೆಯ ಮೇಲಿದ್ದುದನ್ನೂ ನೋಡಿದಳು, ಅಳುವಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟಳು. ಅವಳು ಕೈ ಬೀಸಿದರೂ ಕ್ಲಾರಿ ಅಲುಗಲಿಲ್ಲ.

ಸಾಲು ಮುಗಿಯಿತು. ಮರ್ಲ್ ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಳು. ಒಳಗಿನಿಂದ ಬಂದ ಡೋರೀನ್ ಟೀ ತಟ್ಟೆ ಹಿಡಿದಂತೆಯೇ ನಿಂತಳು.

"ಒಂದನೇ ಸಲ..." ಎಂದು ಕ್ಲಾರಿ ಪಿಸುಗುಟ್ಟಿದ.

"ಏನಾಯ್ತೇ ಇವನ ಗಂಟಲಿಗೆ?" ಎಂದಳು ಮರ್ಲ್.

ಡೋರೀನ್ ಒಮ್ಮೆ ಬೋಳು ತಲೆ, ಒಮ್ಮೆ ಟೋಪಿ ನೋಡಿದಳು. "ಅಯ್ಯೋ ದೇವರೇ! ಗಂಟಲಲ್ಲ ಕಣೋ, ಆ ದರಿದ್ರ ಟೋಪಿ! ನೀನು ಬಗ್ಗಿದಾಗಲೆಲ್ಲ ಅದರ ಕಪ್ಪು ನೆರಳು ಬೀಳ್ತಿತ್ತಲ್ಲ, ಗಿಡುಗ ಬಂತು ಅಂದ್ಕೊಂಡು ಸಾಯ್ತಿತ್ತು ಅದು!"

"ಎರಡನೇ ಸಲ..."

ಪಿಪ್ ತಲೆಯಿಂದ ಭುಜಕ್ಕೆ, ಭುಜದಿಂದ ತೋಳಿಗೆ ಇಳಿದು, ಕೈಯಲ್ಲಿದ್ದ ತೆನೆಗೆ ಬಾಯಿ ಹಾಕಿತು. ಮರ್ಲ್ ಪೆಟ್ಟಿಗೆ ತೆರೆದು ಹಿಡಿದೇ ನಿಂತಿದ್ದಳು.

"ನಾನೀಗ ಇದರಲ್ಲಿ ಏನು ತಗೊಂಡು ಹೋಗ್ಲಿ?"

ಕ್ಲಾರಿ ಗಿಳಿ ಬೆದರದ ಹಾಗೆ ಮೆಲ್ಲಗೆ ಇನ್ನೊಂದು ಕೈ ಚಾಚಿ ತನ್ನ ಟೋಪಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಮುಚ್ಚಿದ.

"ಮೂರನೇ ಸಲ," ಎಂದ.